ಮೀನುಗಿಡುಗಕ್ಕೆ ಕಾದ ಶುಕ್ರವಾರಗಳು

2014ರ ಮಾರ್ಚ್ ತಿಂಗಳ ಮೊದಲ ಶುಕ್ರವಾರ ಬೆಳಿಗ್ಗೆ, ಅಬುಧಾಬಿಯ ಹೊರವಲಯದಲ್ಲಿ ಕಡಲಂಚಿನ ಒಂದು ಕಾಮಗಾರಿ ಜಾಗದಲ್ಲಿ, ಹಳೆಯ ಕಬ್ಬಿಣದ ಚೌಕಟ್ಟಿನ ಮೇಲಿದ್ದ ಹಕ್ಕಿಗೂಡು ಖಾಲಿ ಇತ್ತು. ನಾನೂ ನನ್ನ ಬಾವನೂ ಕಾರಿನ ಬಾನೆಟ್ಟಿಗೆ ಒರಗಿ ನಿಂತು, ಬಿಸಿಲು ನೀರಿನ ಮೇಲಿಂದ ಕಣ್ಣಿಗೆ ಹೊಡೆಯುವ ತನಕ ಅದನ್ನು ನೋಡಿದೆವು. ಹಕ್ಕಿ ಬರಲಿಲ್ಲ.

ಬಾವ ಅಂದರೆ ನನ್ನ ಅಕ್ಕನ ಗಂಡ. ಸಮುದ್ರಕ್ಕೆ ಕಲ್ಲಿನ ತಡೆಗೋಡೆ ಕಟ್ಟುವ ಒಂದು ಗುತ್ತಿಗೆ ಕಂಪನಿಯಲ್ಲಿ ಸೇಫ್ಟಿ ಆಫೀಸರ್. ಅಕ್ಕ ಶಾಲೆಯೊಂದರ ಆಫೀಸಿನಲ್ಲಿದ್ದಳು. ಖಲೀಫಾ ಸಿಟಿಯಲ್ಲಿ, ಒಂದು ವಿಲ್ಲಾವನ್ನು ಗೋಡೆ ಹಾಕಿ ಹಲವು ಮನೆ ಮಾಡಿದ್ದರಲ್ಲಿ, ಮಹಡಿಯ ಭಾಗ ಅವರದು. ನಾನು ದುಬೈಯ ಒಂದು ಇಂಗ್ಲಿಷ್ ಪತ್ರಿಕೆಯ ಡೆಸ್ಕಿನಲ್ಲಿದ್ದೆ. ವಾಸ ಬರ್ ದುಬೈಯಲ್ಲಿ. ಶುಕ್ರವಾರ ರಜೆ. ಆ ವರ್ಷದ ಮಾರ್ಚ್ ಮತ್ತು ಏಪ್ರಿಲ್ ತಿಂಗಳ ಶುಕ್ರವಾರಗಳನ್ನೆಲ್ಲ ನಾನು ಆ ಗೂಡಿನ ಎದುರು ಕಳೆದೆ.

ಆ ಚೌಕಟ್ಟು ಒಂದು ಕಾಲದಲ್ಲಿ ದೋಣಿಗಳಿಗೆ ದಾರಿ ತೋರಿಸುವ ದೀಪವನ್ನು ಹೊತ್ತಿತ್ತು. ದೀಪ ಯಾವತ್ತೋ ಹೋಗಿತ್ತು. ಕಾಂಕ್ರೀಟ್ ಬುಡ, ತುಕ್ಕು ಹಿಡಿದ ನಾಲ್ಕು ಕಾಲು, ಮೇಲೆ ಒಂದು ಕಬ್ಬಿಣದ ಜಾಲರಿ ಉಳಿದಿದ್ದವು. ಜಾಲರಿಯ ಮೇಲೆ ಒಣಕಡ್ಡಿ, ಹಗ್ಗದ ತುಂಡು, ಹರಿದ ಬಲೆ ಎಲ್ಲ ಸೇರಿ ಸಣ್ಣ ಹುಲ್ಲುಕುತ್ತರಿಯಷ್ಟು ದೊಡ್ಡ ರಾಶಿ. ಇಂಗ್ಲಿಷಿನಲ್ಲಿ ಆಸ್ಪ್ರೆ ಎನ್ನುವ, ಬಾವ ಮೀನುಗಿಡುಗ ಎನ್ನುತ್ತಿದ್ದ ಹಕ್ಕಿಯ ಗೂಡು ಅದು. ಬಿಳಿ ತಲೆ, ಕಣ್ಣಿನ ಮೇಲೆ ಹಾದುಹೋಗುವ ಕಪ್ಪು ಪಟ್ಟಿ, ಕಂದು ಬೆನ್ನು. ಮೀನೇ ಅದರ ಊಟ. ಒಮ್ಮೆ ಕಟ್ಟಿದ ಗೂಡಿಗೆ ವರ್ಷ ವರ್ಷವೂ ಮರಳಿ ಬಂದು ಮೇಲೆ ಇನ್ನಷ್ಟು ಕಡ್ಡಿ ಪೇರಿಸುತ್ತದೆ.

ಕಲ್ಲು ತರುವ ಲಾರಿಗಳಿಗೆ ಕಂಪನಿ ಒಂದು ದಾರಿ ಮಾಡಬೇಕಿತ್ತು. ನಕ್ಷೆಯಲ್ಲಿ ಆ ದಾರಿ ಚೌಕಟ್ಟಿನ ಮೇಲೆಯೇ ಹಾದುಹೋಗಿತ್ತು. ಕಾಮಗಾರಿಯ ಪರವಾನಗಿಯಲ್ಲಿದ್ದ ಪರಿಸರದ ಷರತ್ತು ಸರಳವಾಗಿತ್ತು. ಗೂಡಿನಲ್ಲಿ ಹಕ್ಕಿ ಇದ್ದರೆ ದಾರಿಯನ್ನು ಸುತ್ತಿಸಬೇಕು, ಚೌಕಟ್ಟನ್ನು ಮುಟ್ಟಬಾರದು. ವಸಂತದ ಗೂಡುಕಟ್ಟುವ ಕಾಲದಲ್ಲಿ ಹಕ್ಕಿ ಬಾರದಿದ್ದರೆ ಅದು ಬಿಟ್ಟುಹೋದ ಗೂಡು, ಚೌಕಟ್ಟನ್ನು ಕತ್ತರಿಸಬಹುದು. ಕೆಲಸದ ಮೀಟಿಂಗಿನಲ್ಲಿ, ಎಂಜಿನಿಯರುಗಳೆಲ್ಲ ಕೂತಿದ್ದಾಗ, ಇದು ಬಿಟ್ಟ ಗೂಡಲ್ಲ ಎಂದು ಹೇಳಿದವರು ಬಾವ ಒಬ್ಬರೇ. ಹಿಂದಿನ ವರ್ಷ ಮೇ ತಿಂಗಳಲ್ಲಿ ಕೆಲಸಕ್ಕೆ ಸೇರಿದ ಮೊದಲ ವಾರವೇ ಅವರು ಗೂಡಿನ ಅಂಚಿನಲ್ಲಿ ಹಕ್ಕಿ ಕೂತದ್ದನ್ನು ನೋಡಿದ್ದರು. ಕಾಲುಗಳ ಮೇಲೆ ಹೊಸ ಹಿಕ್ಕೆಯ ಬಿಳಿ, ಬುಡದಲ್ಲಿ ಮೀನಿನ ಮುಳ್ಳು. ಆಗ ಅವರ ಹತ್ತಿರ ಕ್ಯಾಮೆರಾ ಇರಲಿಲ್ಲ. ಮೀಟಿಂಗಿನಲ್ಲಿ ಯಾರೋ ನಕ್ಕರು. ಹಾಗಾದರೆ ತೋರಿಸಿ, ಎಂದರು.

ತೋರಿಸಲಿಕ್ಕೆ ಬಾವ ನನ್ನನ್ನು ಕರೆದರು.

"ನೀನು ಪೇಪರಿನವ. ನೀನು ತೆಗೆದ ಫೋಟೊಕ್ಕೆ ಒಂದು ಬೆಲೆ ಉಂಟು," ಎಂದರು ಫೋನಿನಲ್ಲಿ.

"ನಾನು ಡೆಸ್ಕಿನವ ಬಾವ. ಫೋಟೊ ತೆಗೆಯುದಿಲ್ಲ, ಅದರ ಕೆಳಗೆ ಬರೆಯುದು."

"ಕೆಳಗೆ ಬರೆ, ಸಾಕು. ತಾರೀಕು ಹಾಕಿ ಬರೆ."

ಹಾಗೆ ಶುರುವಾಯಿತು. ಶುಕ್ರವಾರ ಬೆಳಕು ಹರಿಯುವ ಮೊದಲು ಬರ್ ದುಬೈಯಿಂದ ಹೊರಡುತ್ತಿದ್ದೆ. ರಜೆಯ ದಿನವೂ ಜೆಬೆಲ್ ಅಲಿ ದಾಟುವಾಗ ಕಂಪನಿ ಬಸ್ಸುಗಳು ರಸ್ತೆಯ ಬಲದ ಸಾಲು ಹಿಡಿದಿರುತ್ತಿದ್ದವು. ಕಿಟಕಿಗೆ ತಲೆಯಾನಿಸಿ ಮಲಗಿದ ಮುಖಗಳು. ಖಲೀಫಾ ಸಿಟಿಯಲ್ಲಿ ಬಾವನನ್ನು ಹತ್ತಿಸಿಕೊಂಡು ಕಾಮಗಾರಿಯ ಗೇಟಿಗೆ. ಬಾವನಿಗೆ ಪಾಸಿತ್ತು. ನಾನು ಹೊರಗಿನವನಾದ್ದರಿಂದ ಪ್ರತಿ ಶುಕ್ರವಾರವೂ ಹೊಸ ಪಾಸು. ಪಾಸಿಗೆ ಮೊದಲು, ಕಂಟೇನರಿನಲ್ಲಿ ಕೂತು ಸುರಕ್ಷತೆಯ ವಿಡಿಯೊ ನೋಡಬೇಕು. ಕ್ರೇನಿನ ಕೆಳಗೆ ನಿಲ್ಲಬೇಡಿ, ನೀರು ಚೆನ್ನಾಗಿ ಕುಡಿಯಿರಿ, ಬೆಂಕಿ ಕಂಡರೆ ಇಲ್ಲಿ ಸೇರಿ. ಅದೇ ವಿಡಿಯೊ, ಪ್ರತಿ ವಾರ, ಮೊದಲಿಂದ ಕೊನೆಯ ತನಕ. ಬಿಡಿ ಎಂದರೆ ಬಾವ ಬಿಡುತ್ತಿರಲಿಲ್ಲ.

"ನಾನೇ ಮಾಡಿದ ನಿಯಮ. ಬಾವಮೈದನಿಗೆ ಮಾಫಿ ಉಂಟು ಅಂತ ಆದ್ರೆ ನಾಳೆ ಎಲ್ಲರ ಬಾವಮೈದನೂ ಬರ್ತಾನೆ."

ಆಮೇಲೆ ಹೆಲ್ಮೆಟ್, ಮಿಂಚುವ ಪಟ್ಟಿಯ ಜಾಕೆಟ್. ಗೇಟಿನ ಕಾವಲುಗಾರ ಪೇಶಾವರದ ಕಡೆಯ ವಯಸ್ಸಾದ ಮನುಷ್ಯ. ಬಂದ ಕಾರಣ ಎಂಬಲ್ಲಿ ಏನು ಬರೆಯಲಿ ಎಂದು ಮೊದಲ ವಾರ ಗಂಭೀರವಾಗಿ ಕೇಳಿದ. ಎರಡನೆಯ ವಾರದಿಂದ ಕೇಳಲಿಲ್ಲ. "ಫಿರ್ ವಹೀ ಪರಿಂದಾ, ಸಾಬ್?" ಎನ್ನುತ್ತಿದ್ದ. ಮತ್ತೆ ಅದೇ ಹಕ್ಕಿಯಾ? ಬಾವ ತಲೆಯಾಡಿಸುತ್ತಿದ್ದರು. ಅವನು ಗೇಟು ಎತ್ತುತ್ತಿದ್ದ.

ಹಕ್ಕಿ ವಸಂತದಲ್ಲಿ ಬರುತ್ತದೆ ಎಂಬುದರಲ್ಲಿ ನಮಗೆ ಯಾರಿಗೂ ಅನುಮಾನವಿರಲಿಲ್ಲ. ಒಬ್ಬೊಬ್ಬರಿಗೆ ಒಂದೊಂದು ಕಾರಣ. ಷರತ್ತಿನ ಕಾಗದದಲ್ಲಿ ಹಾಗೆ ಬರೆದಿತ್ತು. ನಮ್ಮ ಡೆಸ್ಕಿಗೆ ಪ್ರತಿವರ್ಷ ಮಾರ್ಚ್ ಕೊನೆಗೆ ಸುದ್ದಿಸಂಸ್ಥೆಗಳಿಂದ ಒಂದು ಚಿತ್ರ ಬರುತ್ತಿತ್ತು: ಯುರೋಪಿನ ಉತ್ತರದ ಯಾವುದೋ ಸರೋವರ, ಪೈನ್ ಮರದ ತುದಿ, ಮರಳಿ ಬಂದ ಆಸ್ಪ್ರೆ. ಸುದ್ದಿಯಿಲ್ಲದ ದಿನ ಪುಟ ತುಂಬಿಸಲು ಒಳ್ಳೆಯ ಚಿತ್ರ. ವರ್ಷಗಟ್ಟಲೆ ಅದಕ್ಕೆ ಅಡಿಬರಹ ಬರೆದ ನನಗೆ ಆ ಹಕ್ಕಿಯ ತಿಂಗಳು ಬಾಯಿಪಾಠವಾಗಿತ್ತು. ಬಾವನ ಪ್ರಾಜೆಕ್ಟ್ ಮ್ಯಾನೇಜರ್ ಸ್ಕಾಟ್ಲೆಂಡಿನವರು. ನಮ್ಮೂರಿನ ಕೆರೆಗೆ ಏಪ್ರಿಲ್ ಹೊತ್ತಿಗೆ ಬಂದುಬಿಡುತ್ತವೆ, ಚಿಕ್ಕಂದಿನಲ್ಲಿ ಅಪ್ಪನ ಜೊತೆ ನೋಡಲು ಹೋಗುತ್ತಿದ್ದೆ ಎಂದು ಅವರೇ ಬಾವನಿಗೆ ಹೇಳಿದ್ದರು. ಮಾರ್ಚ್ ಕೊನೆಗೆ ಮುಗಿಯಬೇಕಿದ್ದ ಗಡುವನ್ನು ಏಪ್ರಿಲ್ ಕೊನೆಯ ತನಕ ಬೆಳೆಸಿದವರೂ ಅವರೇ. ಹಕ್ಕಿಗೆ ಒಂದು ತಿಂಗಳು ಜಾಸ್ತಿ ಕೊಡೋಣ ಎಂದರಂತೆ.

ಬಾವನ ಲೆಕ್ಕ ಬೇರೆ. ಅವರು ಉಡುಪಿ ಕಡೆಯ ಒಂದು ಅಳಿವೆಯ ಪಕ್ಕ ಬೆಳೆದವರು. ಹೊಳೆ ಸಮುದ್ರ ಸೇರುವ ಆ ಜಾಗದಲ್ಲಿ ಇದೇ ಹಕ್ಕಿಯನ್ನು ಬಾಲ್ಯವಿಡೀ ನೋಡಿದ್ದರು.

"ನೋಡು, ನಮ್ಮಲ್ಲಿ ಇದು ದೀಪಾವಳಿ ಹೊತ್ತಿಗೆ ಬರ್ತದೆ. ಬಲೆ ಒಣಗಿಸುವ ಕಂಬದ ಮೇಲೆ ಕೂತ್ಕೊಳ್ತದೆ. ಶಾಲೆಯ ಪರೀಕ್ಷೆ ಶುರುವಾಗುವಾಗ ಹೋಗ್ತದೆ. ಮಾರ್ಚಲ್ಲಿ ಅಲ್ಲಿಂದ ಹೊರಟದ್ದು ಎಲ್ಲಿಗೆ ಹೋಗ್ಬೇಕು? ಇಲ್ಲಿಗೇ. ನಾವು ಬಂದ ದಾರಿಯೇ ಅದರದ್ದು."

"ಅದಕ್ಕೆ ಟಿಕೆಟಿನ ಖರ್ಚಿಲ್ಲ."

"ಲಗೇಜಿನದ್ದೂ ಇಲ್ಲ ಮಾರಾಯ. ಹಪ್ಪಳ ತಂದದ್ದಾ, ಉಪ್ಪಿನಕಾಯಿ ತಂದದ್ದಾ ಅಂತ ತೂಕ ಮಾಡುವವರೇ ಇಲ್ಲ."

ಅವರು ಇದನ್ನು ತಮಾಷೆಗೆ ಹೇಳುತ್ತಿದ್ದರೂ ನಂಬಿದ್ದರು. ಊರಿನಲ್ಲಿ ಚಳಿಗಾಲ ಕಳೆದ ಹಕ್ಕಿ ಗಲ್ಫಿಗೆ ಬಂದು ಸಂಸಾರ ಹೂಡುತ್ತದೆ ಎಂಬುದು ಅವರಿಗೆ ತೀರಾ ಸಹಜವಾಗಿ ಕಂಡಿತ್ತು. ನನಗೂ ಹಾಗೆಯೇ ಕಂಡಿತು.

ಎರಡನೆಯ ಶುಕ್ರವಾರ ಹಕ್ಕಿ ಬಂತು. ಉಪ್ಪುನೀರಿನಲ್ಲಿ ಬೆಳೆದ ಕಾಂಡ್ಲ ಗಿಡಗಳ ಆಚೆಯಿಂದ, ನೀರಿನಿಂದ ಸಾಕಷ್ಟು ಮೇಲೆ, ನಿಧಾನವಾಗಿ ರೆಕ್ಕೆ ಬಡಿಯುತ್ತಾ ಬಂದು ಗಾಳಿಯಲ್ಲಿ ಒಂದೇ ಕಡೆ ನಿಂತಿತು. ಕಾಲು ಮುಂದಕ್ಕೆ ಚಾಚಿ ನೀರಿಗೆ ಬಿತ್ತು. ಎದ್ದಾಗ ಕಾಲಲ್ಲಿ ಮೀನಿತ್ತು. ಗಾಳಿಯಲ್ಲೇ ಒಮ್ಮೆ ಮೈ ಕೊಡವಿ, ಮೀನಿನ ತಲೆ ಮುಂದಕ್ಕೆ ಬರುವಂತೆ ತಿರುಗಿಸಿಕೊಂಡಿತು. ಬಾವ ನನ್ನ ತೋಳು ಹಿಡಿದರು. ಹಕ್ಕಿ ನೇರ ಚೌಕಟ್ಟಿನ ಕಡೆಗೆ ಬಂತು. ನಾನು ಕ್ಯಾಮೆರಾ ಎತ್ತಿದೆ. ಅದು ಚೌಕಟ್ಟಿನ ಮೇಲಿಂದ ದಾಟಿ, ಆಚೆ ಹಡಗುಗಳ ಕಾಲುವೆಯಲ್ಲಿದ್ದ ಕಂಬವೊಂದರ ಮೇಲೆ ಕೂತು ತಿನ್ನತೊಡಗಿತು. ತಿಂದು ಮುಗಿಸಿತು. ಕೊಕ್ಕು ಒರೆಸಿಕೊಂಡಿತು. ಅಲ್ಲಿಂದಲೇ ಹೋಯಿತು.

ಭಾನುವಾರ ಬಾವ ಆ ಚಿತ್ರವನ್ನು ಮ್ಯಾನೇಜರಿಗೆ ತೋರಿಸಿದರು. ಒಳ್ಳೆಯ ಚಿತ್ರ ಎಂದರು ಅವರು. ಆದರೆ ಷರತ್ತಿನಲ್ಲಿ ಇದ್ದದ್ದು ಗೂಡಿನಲ್ಲಿ ಹಕ್ಕಿ ಎಂದು; ಗೂಡಿನ ಹತ್ತಿರ ಹಕ್ಕಿ ಎಂದಲ್ಲ.

ಅದೇ ಆ ಎರಡು ತಿಂಗಳ ಕಥೆ. ಹಕ್ಕಿ ಇರಲಿಲ್ಲ ಎಂದಿದ್ದರೆ ಮನೆಗೆ ಹೋಗಿ ಮಲಗಬಹುದಿತ್ತು. ಹಕ್ಕಿ ಇತ್ತು. ನೀರಿನ ಮೇಲೆ ಇತ್ತು, ಕಂಬದ ಮೇಲೆ ಇತ್ತು, ಒಮ್ಮೆ ಕಂಪನಿಯ ಕ್ರೇನಿನ ತುದಿಯಲ್ಲೂ ಇತ್ತು. ಗೂಡಿನಲ್ಲಿ ಮಾತ್ರ ಇರಲಿಲ್ಲ. ಒಂದು ಶುಕ್ರವಾರ ಮಂಜು ಕವಿದು ಹೆದ್ದಾರಿಯಲ್ಲಿ ಆಮೆಯ ಹಾಗೆ ತೆವಳಿ ತಲುಪಿದೆ, ಚೌಕಟ್ಟೇ ಕಾಣಿಸಲಿಲ್ಲ. ಇನ್ನೊಂದು ಶುಕ್ರವಾರ ಧೂಳಿನ ಗಾಳಿ. ಬಾವ ಕರ್ಚೀಫು ಮೂಗಿಗೆ ಕಟ್ಟಿಕೊಂಡು ಕಾರಿನೊಳಗೆ ಕೂತಿದ್ದರು, ನಾನು ಕ್ಯಾಮೆರಾವನ್ನು ಅಂಗಿಯೊಳಗೆ ಇಟ್ಟುಕೊಂಡಿದ್ದೆ.

ಮತ್ತೊಂದು ದಿನ ಗೂಡಿನಲ್ಲಿ ಏನೋ ಅಲ್ಲಾಡಿತು. ಬಾವ ದುರ್ಬೀನು ಹಿಡಿದು ನೋಡಿದರು.

"ಕಾಗೆ," ಎಂದರು ಆಮೇಲೆ.

ನಮ್ಮೂರಿನದೇ ಬೂದು ಕತ್ತಿನ ಕಾಗೆ, ಹಡಗು ಹತ್ತಿ ಬಂದು ಇಲ್ಲೆಲ್ಲ ಹರಡಿದ್ದು. ಗೂಡಿನಿಂದ ಒಂದು ಕಡ್ಡಿ ಎಳೆಯುತ್ತಿತ್ತು. ಬಾವ ಕಾರಿನಿಂದ ಇಳಿದು ಹೆಲ್ಮೆಟ್ ಬೀಸುತ್ತಾ ಓಡಿದರು. "ಹೋಯ್! ಬಿಡು ಅದನ್ನ! ಬಿಡು ಅಂದೆ!" ಕಾಗೆ ಕಡ್ಡಿಯನ್ನು ಬಿಡದೆ ಹಾರಿತು. ಗಲಾಟೆ ಕೇಳಿ ಕಾವಲುಗಾರ ಪಿಕಪ್ಪಿನಲ್ಲಿ ಬಂದ. ಏನಾಯ್ತು ಸಾಬ್, ಯಾರಾದರೂ ಬಿದ್ದರಾ? ಯಾರೂ ಬಿದ್ದಿಲ್ಲ ಎಂದು ಬಾವ ಹೇಳಬೇಕಾಯಿತು. ಅವನು ಹೋದ ಮೇಲೆ ಹೆಲ್ಮೆಟ್ ಹಾಕಿಕೊಳ್ಳುತ್ತಾ ಅಂದರು: "ಇಷ್ಟು ದೂರ ಬಂದು ನಮ್ಮ ಮಾನ ತೆಗೀಲಿಕ್ಕೆ ನಮ್ಮೂರಿನದ್ದೇ ಬೇಕು."

ಮಧ್ಯಾಹ್ನ ಖಲೀಫಾ ಸಿಟಿಯಲ್ಲಿ ಊಟ. ಅಕ್ಕ ಬಾಗಿಲು ತೆರೆದು ಮೊದಲು ನಮ್ಮ ಮುಖ ನೋಡುತ್ತಿದ್ದಳು.

"ಬಂತಾ ನಿಮ್ಮ ಸಾಹೇಬರು?"

"ಇಲ್ಲ."

"ವೀಸಾ ಆಗಿರ್ಲಿಕ್ಕಿಲ್ಲ. ಮೆಡಿಕಲ್ ಟೆಸ್ಟಿನಲ್ಲಿ ನಿಂತಿರ್ಬೇಕು ಪಾಪ."

"ನೀನು ಸುಮ್ಮನಿರು," ಎನ್ನುತ್ತಿದ್ದರು ಬಾವ.

"ನಾನೆಂತ ಹೇಳಿದೆ? ಮೀನು ತಿನ್ನುವ ಹಕ್ಕಿಯನ್ನ ಕಾದು ಕಾದು ಬಂದದ್ದಲ್ವಾ. ಕೈ ತೊಳೀರಿ, ಬಂಗುಡೆ ಉಂಟು."

ಒಂದು ಶುಕ್ರವಾರ ಊಟದ ನಡುವೆ ನಾನು ಬಾವನಿಗೆ ಒಂದು ಸಲಹೆ ಕೊಟ್ಟೆ. ಈ ಗೂಡಿನ ಬಗ್ಗೆ ನಾನೇ ಪತ್ರಿಕೆಯಲ್ಲಿ ಬರೆಯುತ್ತೇನೆ. ಕಂಪನಿಯ ಹೆಸರು ಬೇಡ, ಜಾಗದ ಹೆಸರು ಬೇಡ. ಸುದ್ದಿಯಾದರೆ ಯಾರೂ ಕತ್ತರಿಸಲು ಹೋಗುವುದಿಲ್ಲ. ಫೀಚರ್ ಪುಟದ ಸಂಪಾದಕಿ ಹೇಗೂ ಪ್ರತಿ ಗುರುವಾರ ಕೇಳುತ್ತಿದ್ದಳು, ನಿನ್ನ ಹಕ್ಕಿ ಬಂತಾ, ಪುಟದಲ್ಲಿ ಜಾಗ ಇಟ್ಟಿದ್ದೇನೆ ಎಂದು.

ಬಾವ ತುತ್ತನ್ನು ತಟ್ಟೆಗೆ ಇಳಿಸಿದರು. "ಪೇಪರಲ್ಲಿ ಬಂದ ಮರುದಿನ ನಾನು ಖಲಾಸ್. ಫೋಟೊ ಯಾರು ತೆಗೆದದ್ದು, ಪಾಸು ಯಾರು ಕೊಟ್ಟದ್ದು ಅಂತ ಕೇಳುವುದಿಲ್ವಾ? ಹಕ್ಕಿಗೆ ಇನ್ನೊಂದು ಕಂಬ ಉಂಟು. ನನಗೆ ಇನ್ನೊಂದು ವೀಸಾ ಉಂಟಾ?"

"ಹಾಗಾದ್ರೆ ಆ ಮೀಟಿಂಗಿನಲ್ಲಿ ಯಾಕೆ ಬಾಯಿ ಬಿಟ್ಟದ್ದು?" ಎಂದಳು ಅಕ್ಕ.

"ಕಂಡದ್ದನ್ನ ಕಂಡಿಲ್ಲ ಅನ್ಲಿಕ್ಕೆ ಆಗ್ತದಾ?"

ನಾನು ಬರೆಯಲಿಲ್ಲ. ಏಪ್ರಿಲ್ ಮೊದಲ ವಾರ ಸಂಪಾದಕಿ ಖಾಲಿ ಉಳಿದ ಆ ಜಾಗಕ್ಕೆ ಸುದ್ದಿಸಂಸ್ಥೆಯ ಚಿತ್ರವನ್ನೇ ಹಾಕಿದಳು. ಸ್ಕಾಟ್ಲೆಂಡಿನ ಸರೋವರ, ಪೈನ್ ಮರ, ಗೂಡಿಗೆ ಇಳಿಯುತ್ತಿರುವ ಆಸ್ಪ್ರೆ. ಅಡಿಬರಹ ಬರೆಯುವ ಕೆಲಸ ನನಗೇ ಬಂತು. ಚಳಿಗಾಲವನ್ನು ದಕ್ಷಿಣದಲ್ಲಿ ಕಳೆದ ಹಕ್ಕಿ ವಸಂತದೊಂದಿಗೆ ತನ್ನ ಗೂಡಿಗೆ ಮರಳಿದೆ, ಎಂದು ಬರೆದು ಪುಟ ಕಳಿಸಿದೆ.

ಏಪ್ರಿಲ್ ಕೊನೆಯ ಶುಕ್ರವಾರ ನಾವು ಎಂದಿಗಿಂತ ಮೊದಲೇ ಹೋದೆವು. ನೀರು ಇಳಿದು ಕೆಸರಿನ ಬಯಲು ತೆರೆದುಕೊಂಡಿತ್ತು. ಬಯಲಿನ ಮೇಲೆ ಮೂರು ಮೀನುಗಿಡುಗ ಇದ್ದವು. ಇಷ್ಟು ದಿನ ಒಂದನ್ನು, ಹೆಚ್ಚೆಂದರೆ ಎರಡನ್ನು ನೋಡಿದ್ದೆವು. ಒಂದು ಹಕ್ಕಿ ಮೀನು ಹಿಡಿದು ಕೂತಿತ್ತು. ಇನ್ನೊಂದು ಅದರ ಪಕ್ಕ ರೆಕ್ಕೆ ಇಳಿಬಿಟ್ಟು, ಬಾಯಿ ತೆರೆದು, ಬಿಡದೆ ಕಿರುಚುತ್ತಿತ್ತು. ಮೀನು ಹಿಡಿದ ಹಕ್ಕಿ ಅದಕ್ಕೆ ಮೀನು ಬಿಟ್ಟುಕೊಟ್ಟಿತು.

"ಬಂತು," ಎಂದರು ಬಾವ. "ಜೋಡಿಯಾಗಿ ಬಂತು. ಗಂಡು ಹೆಣ್ಣಿಗೆ ತಿನ್ನಿಸುವುದು ಅದು. ಇನ್ನು ಗೂಡಿಗೆ ಹೋಗುದೇ. ಇವತ್ತೇ ಹೋಗ್ತದೆ ನೋಡು."

ನಾನು ಸಿಕ್ಕಷ್ಟು ಚಿತ್ರ ತೆಗೆದೆ. ಬಿಸಿಲೇರುವ ತನಕ ಕಾದೆವು. ಮೂರೂ ಹಕ್ಕಿಗಳು ಒಂದಾದ ಮೇಲೊಂದು ಎದ್ದು ದ್ವೀಪಗಳ ಕಡೆ ಹೋದವು. ಗೂಡಿನ ಹತ್ತಿರ ಯಾವುದೂ ಬರಲಿಲ್ಲ. ಆದರೂ ಬಾವ ಅವತ್ತು ಕಾರಿನಲ್ಲಿ ಹಾಡು ಹಾಕಿಸಿದರು.

ಮರುದಿನ ಆಫೀಸಿನ ದೊಡ್ಡ ಪರದೆಯಲ್ಲಿ ಚಿತ್ರಗಳನ್ನು ಹಿಗ್ಗಿಸಿ ನೋಡಿದೆ. ಕಿರುಚುತ್ತಿದ್ದ ಹಕ್ಕಿಯ ಬೆನ್ನಿನ ಗರಿಗಳಿಗೆಲ್ಲ ತಿಳಿಬಣ್ಣದ ಅಂಚಿತ್ತು. ಉಳಿದ ಎರಡಕ್ಕೆ ಇರಲಿಲ್ಲ. ಪ್ರಕಟಿಸುವ ಮೊದಲು ಕೇಳಿ ನೋಡುವುದು ನಮ್ಮ ಕೆಲಸದ ರೂಢಿ. ಇಲ್ಲಿ ಹಕ್ಕಿ ನೋಡುವ ಹವ್ಯಾಸದ ಒಂದು ಗುಂಪಿತ್ತು. ಅದರ ವಿಳಾಸಕ್ಕೆ ಚಿತ್ರ ಕಳಿಸಿ, ಇದು ಜೋಡಿಯೇ, ಗೂಡು ಕಟ್ಟಲು ಇನ್ನೆಷ್ಟು ದಿನ ಬೇಕಾದೀತು ಎಂದು ಕೇಳಿದೆ.

ಸಂಜೆಯೊಳಗೆ ಉತ್ತರ ಬಂತು. ಅಂಚುಗಟ್ಟಿದ ಗರಿಯದ್ದು ಈ ವರ್ಷದ ಮರಿ. ಗೂಡು ಬಿಟ್ಟು ಹಾರಲು ಕಲಿತಾಗಿದೆ, ತಾಯಿತಂದೆ ಇನ್ನೂ ತಿನ್ನಿಸುತ್ತಿವೆ. ಈ ಕರಾವಳಿಯ ಆಸ್ಪ್ರೆಗಳು ಚಳಿಗಾಲದಲ್ಲಿ ಗೂಡು ಕಟ್ಟುತ್ತವೆ, ಸೆಖೆ ಏರುವ ಮೊದಲು ಮರಿ ಹಾರಿಸಿ ಮುಗಿಸುತ್ತವೆ. ದ್ವೀಪಗಳಲ್ಲಿ ಎತ್ತರದ ಜಾಗ ಸಿಗದಿದ್ದರೆ ನೆಲದ ಮೇಲೂ ಕಟ್ಟುತ್ತವೆ. ವಸಂತದಲ್ಲಿ ಗೂಡಿಗೆ ಮರಳುವುದು ಉತ್ತರದ ಹಕ್ಕಿಗಳು. ನಿಮ್ಮ ಗೂಡನ್ನು ನೋಡಬೇಕಿದ್ದದ್ದು ಡಿಸೆಂಬರಿನಲ್ಲಿ.

ಬಾವನಿಗೆ ಫೋನ್ ಮಾಡಿ ಓದಿ ಹೇಳಿದೆ. ಅವರು ಎರಡು ಸಲ ಓದಿಸಿದರು.

"ಹಾಗಾದ್ರೆ ನಮ್ಮೂರಿಂದ ಹೊರಟದ್ದು?"

"ಅದು ಬೇರೆ ಹಕ್ಕಿ ಬಾವ. ಇಲ್ಲಿ ನಿಲ್ಲುದಿಲ್ಲ, ಇನ್ನೂ ಮೇಲೆ, ಉತ್ತರಕ್ಕೆ ಹೋಗ್ತದೆ."

"ಡಿಸೆಂಬರಲ್ಲಿ ನಾವು ಊರಲ್ಲಿ ಇದ್ದೆವು," ಎಂದರು.

ಹೌದು. ಡಿಸೆಂಬರಿನಲ್ಲಿ ನಮ್ಮ ಮನೆಯಲ್ಲಿ ಮದುವೆಯಿತ್ತು. ಬಾವ, ಅಕ್ಕ, ನಾನು ಮೂವರೂ ವಾರ್ಷಿಕ ರಜೆ ಹಾಕಿ ಹೋಗಿದ್ದೆವು. ಅಳಿವೆಯ ಪಕ್ಕ ನಿಂತು ಬಾವ ನನಗೆ ಮೀನುಗಿಡುಗ ತೋರಿಸಿದ್ದೂ ಆಗಲೇ. ಅದೇ ವಾರಗಳಲ್ಲಿ ಇಲ್ಲಿ ಚೌಕಟ್ಟಿನ ಬುಡದಲ್ಲಿ ಸರ್ವೆಯವರ ಕ್ಯಾಬಿನ್ನು ಇತ್ತು. ಜನರೇಟರ್ ಹಗಲಿಡೀ ಓಡುತ್ತಿತ್ತು, ರೋಲರ್ ನೆಲ ಗಟ್ಟಿಮಾಡುತ್ತಿತ್ತು. ವಸಂತಕ್ಕೆ ಮೊದಲು ಗದ್ದಲದ ಕೆಲಸ ಮುಗಿಸಿಬಿಡಬೇಕು, ಹಕ್ಕಿಗೆ ತೊಂದರೆಯಾಗಬಾರದು ಎಂದು ಹಾಗೆ ಹಾಕಿದ ಕಾರ್ಯಕ್ರಮ ಅದು. ಮಾರ್ಚ್ ಬರುವಾಗ ಕ್ಯಾಬಿನ್ನು, ಜನರೇಟರ್, ರೋಲರ್ ಎಲ್ಲವನ್ನೂ ತೆಗೆದು ಜಾಗವನ್ನು ಸ್ತಬ್ಧ ಮಾಡಿ ಇಟ್ಟಿದ್ದರು. ಬಾವನೇ ನಿಂತು ತೆಗೆಸಿದ್ದರು.

ಬಾವ ಆ ಉತ್ತರವನ್ನು ಮುದ್ರಿಸಿಕೊಂಡು ಮ್ಯಾನೇಜರ್ ಹತ್ತಿರ ಹೋದರು. ಮುಂದಿನ ಡಿಸೆಂಬರ್ ತನಕ ಬಿಡಿ ಎಂದು ಕೇಳಿದರು. ಮ್ಯಾನೇಜರ್ ಪೂರ್ತಿ ಓದಿದರು. ಅವರಿಗೂ ಬೇಸರವಾದದ್ದು ಕಂಡಿತು ಎಂದು ಬಾವ ಆಮೇಲೆ ಹೇಳಿದರು. ಆದರೆ ಅವರ ಲೆಕ್ಕ ನೇರವಾಗಿತ್ತು. ಮರಿ ಹಾರಿದೆ ಅಂದರೆ ಹಕ್ಕಿಗಳು ಈ ವರ್ಷ ಬೇರೆಲ್ಲೋ ಗೂಡು ಮಾಡಿವೆ. ಬೇರೆಲ್ಲೋ ಮಾಡಿವೆ ಅಂದರೆ ಈ ಗೂಡು ಬಿಟ್ಟ ಗೂಡು. ನಾವು ತೆಗೆದ ಚಿತ್ರವೇ ಅದಕ್ಕೆ ಸಾಕ್ಷಿಯಾಯಿತು. ದಾರಿಯ ಕೆಲಸ ಈಗಾಗಲೇ ಒಂದು ತಿಂಗಳು ಹಿಂದೆ ಬಿದ್ದಿತ್ತು. ಕೆಲಸವೆಲ್ಲ ಮುಗಿದ ಮೇಲೆ ಪಕ್ಕದಲ್ಲಿ ಒಂದು ಬದಲಿ ಕಂಬ ನಿಲ್ಲಿಸೋಣ ಎಂದರು.

ಮೇ ತಿಂಗಳಲ್ಲಿ ಚೌಕಟ್ಟನ್ನು ಗ್ಯಾಸ್ ಕಟರ್‌ನಿಂದ ಕತ್ತರಿಸಿದರು. ಸೈಟಿನಲ್ಲಿ ಬೆಂಕಿ ಹಚ್ಚುವ ಯಾವ ಕೆಲಸಕ್ಕೂ ಸೇಫ್ಟಿ ಆಫೀಸರ್ ಪರವಾನಗಿ ಬೇಕು. ಬಾವ ಹೋಗಿ ಬೆಂಕಿ ಆರಿಸುವ ಸಿಲಿಂಡರ್ ನೋಡಿದರು, ಗಾಳಿಯ ದಿಕ್ಕು ನೋಡಿದರು, ಕೆಲಸಗಾರನ ಕನ್ನಡಕ, ಕೈಗವಸು ನೋಡಿದರು, ಸಹಿ ಹಾಕಿದರು. ಕ್ರೇನು ಗೂಡನ್ನು ಜಾಲರಿಯ ಸಮೇತ ಎತ್ತಿತು. ಕೆಳಗಿಳಿಸುವಾಗ ರಾಶಿ ವಾಲಿ ಒಡೆಯಿತು. ಕಡ್ಡಿಗಳ ನಡುವೆ ನೈಲಾನ್ ಹಗ್ಗ, ನೀರುಕಾಗೆಯ ಎಲುಬು, ಬಟ್ಟೆ ತೂಗುಹಾಕುವ ನೀಲಿ ಪ್ಲಾಸ್ಟಿಕ್ ಹ್ಯಾಂಗರ್, ಸೈಟಿನ ಜಾಕೆಟ್ಟಿನಿಂದ ಹರಿದ ಮಿಂಚುವ ಪಟ್ಟಿ ಇದ್ದವಂತೆ. ನಾನು ಅವತ್ತು ಅಲ್ಲಿರಲಿಲ್ಲ. ಕಾಲುಗಳನ್ನು ಬುಡಕ್ಕೆ ಸಮನಾಗಿ ಕೊಯ್ಯಲಿಲ್ಲ. ಮೊಣಕಾಲಿನಷ್ಟು ಎತ್ತರದ ನಾಲ್ಕು ಮೋಟು ಉಳಿದವು. ಕಾಂಕ್ರೀಟ್ ಒಡೆಯುವ ಯಂತ್ರ ಬಂದ ಮೇಲೆ ಒಟ್ಟಿಗೆ ತೆಗೆದರಾಯಿತು ಎಂದು ಬಿಟ್ಟರು.

ಅದರ ಮುಂದಿನ ಶುಕ್ರವಾರ ನಾನು ಖಲೀಫಾ ಸಿಟಿಗೆ ಊಟಕ್ಕೆ ಹೋದೆ. ಅಕ್ಕ ಬಾಗಿಲು ತೆರೆದಳು. ಸಾಹೇಬರು ಬಂದರಾ ಎಂದು ಕೇಳಲಿಲ್ಲ. ಅಡುಗೆಮನೆಗೆ ಕರೆದು ತಗ್ಗಿದ ದನಿಯಲ್ಲಿ ಹೇಳಿದಳು: "ಒಂದು ಹಳೇ ಹ್ಯಾಂಗರ್ ತಂದು ಬಾಲ್ಕನಿಯಲ್ಲಿ ಇಟ್ಟಿದ್ದಾರೆ. ಹೊಲಸು ಹಿಡಿದದ್ದು. ಬಿಸಾಡ್ಲಾ ಅಂದ್ರೆ ಉತ್ತರವೇ ಕೊಡುದಿಲ್ಲ."

"ಇರ್ಲಿ ಅಕ್ಕ."

"ಇರ್ಲಿ ಅಂತಲೇ ಇಟ್ಟದ್ದು ನಾನೂ. ತೊಳೆದು ಇಟ್ಟಿದ್ದೇನೆ."

ಆ ವರ್ಷದ ಡಿಸೆಂಬರಿನಲ್ಲಿ ನಾವು ಊರಿಗೆ ಹೋಗಲಿಲ್ಲ. ಎರಡು ಶುಕ್ರವಾರ ಸೈಟಿಗೆ ಹೋದೆವು. ತಡೆಗೋಡೆಯ ಕೆಲಸ ಜೋರಾಗಿತ್ತು, ಬಂಡೆ ಸುರಿಯುವ ಸದ್ದು ಕಿವಿಗಡಚಿಕ್ಕುತ್ತಿತ್ತು. ಲಾರಿಗಳು ಇನ್ನೂ ಹಳೆಯ ಸುತ್ತುದಾರಿಯಲ್ಲೇ ಬರುತ್ತಿದ್ದವು; ಹೊಸ ದಾರಿಗೆ ಮಣ್ಣು ಬಿದ್ದಿರಲಿಲ್ಲ. ಹಕ್ಕಿ ಕಾಣಲಿಲ್ಲ.

2015ರಲ್ಲಿ ಎಣ್ಣೆಯ ಬೆಲೆ ಕುಸಿದಿತ್ತು. ಹಲವು ಕಾಮಗಾರಿಗಳ ಜೊತೆ ಇದೂ ನಿಂತಿತು. ಸ್ಕಾಟ್ಲೆಂಡಿನ ಮ್ಯಾನೇಜರ್ ಊರಿಗೆ ಮರಳಿದರು. ಬಾವನಿಗೆ ಕೆಲಸ ಹೋಗಲಿಲ್ಲ, ಜೆಬೆಲ್ ಅಲಿಯ ಯಾರ್ಡಿಗೆ ವರ್ಗವಾಯಿತು. ಖಲೀಫಾ ಸಿಟಿಯ ಮನೆ ಬಿಡದೆ, ಬೆಳಗಾಗುವ ಮೊದಲು ಹೊರಡುವ ಕಂಪನಿ ಬಸ್ಸಿನಲ್ಲಿ ಹೋಗಿಬರುತ್ತಿದ್ದರು. ಹೊಸ ದಾರಿ ಆಗಲಿಲ್ಲ. ಕಾಂಕ್ರೀಟ್ ಒಡೆಯುವ ಯಂತ್ರ ಬರಲಿಲ್ಲ. ಕೆಲಸ ಮುಗಿದ ಮೇಲೆ ನಿಲ್ಲಿಸಬೇಕಿದ್ದ ಬದಲಿ ಕಂಬವೂ ಬರಲಿಲ್ಲ, ಕೆಲಸ ಮುಗಿದಿರಲಿಲ್ಲವಲ್ಲ.

2016ರ ಡಿಸೆಂಬರಿನ ಒಂದು ಶುಕ್ರವಾರ ಬಾವ ಫೋನ್ ಮಾಡಿ, ಒಮ್ಮೆ ಹೋಗಿ ಬರೋಣವಾ ಎಂದರು. ಗೇಟಿನಲ್ಲಿ ಅದೇ ಕಾವಲುಗಾರ ಒಬ್ಬನೇ ಇದ್ದ. ಕಂಟೇನರಿಗೆ ಬೀಗ ಬಿದ್ದಿತ್ತು, ವಿಡಿಯೊ ಇರಲಿಲ್ಲ. ಪಾಸು ಕೊಡುವವರೂ ಇರಲಿಲ್ಲ. ನಮ್ಮ ಹೆಸರು ಬರೆದುಕೊಂಡು ಒಳಗೆ ಬಿಟ್ಟ. ಬಾವ ಕಾರಿನ ಡಿಕ್ಕಿಯಿಂದ ಎರಡು ಹೆಲ್ಮೆಟ್ ತೆಗೆದು ಒಂದನ್ನು ನನಗೆ ಕೊಟ್ಟರು.

"ಯಾರಿದ್ದಾರೆ ಬಾವ ನೋಡ್ಲಿಕ್ಕೆ?"

"ಹಾಕ್ಕೊ ಸುಮ್ಮನೆ."

ಚೌಕಟ್ಟಿನ ಬುಡದಿಂದ ದೂರದಲ್ಲೇ ನಿಂತೆವು. ನೀರು ಏರಿತ್ತು. ತಡೆಗೋಡೆಯ ಅರ್ಧಕ್ಕೆ ನಿಂತ ತುದಿಯಲ್ಲಿ ನೀರುಕಾಗೆಗಳು ರೆಕ್ಕೆ ಒಣಗಿಸುತ್ತಿದ್ದವು. ದ್ವೀಪಗಳ ಕಡೆಯಿಂದ ಮೀನುಗಿಡುಗವೊಂದು ಬಂತು. ಕಾಲಲ್ಲಿ ಏನೋ ಉದ್ದಕ್ಕೆ ಹಿಡಿದಿತ್ತು.

"ಮೀನಲ್ಲ," ಎಂದರು ಬಾವ. ದುರ್ಬೀನು ನನಗೆ ಕೊಟ್ಟರು. "ನೋಡು ಮಾರಾಯ. ಮೀನಲ್ಲ ಅದು."

ಅದು ಕಡ್ಡಿ. ಹಕ್ಕಿ ನಾಲ್ಕು ಮೋಟುಗಳ ಮೇಲೆ ಸುತ್ತಿತು, ಮತ್ತೊಮ್ಮೆ ಸುತ್ತಿತು, ನಡುವೆ ಇಳಿದು ಕಾಂಕ್ರೀಟಿನ ಮೇಲೆ ಕಡ್ಡಿಯನ್ನು ಇಟ್ಟಿತು. ಕೊಕ್ಕಿನಿಂದ ಅದನ್ನು ಸ್ವಲ್ಪ ಸರಿಸಿತು. ನಾನು ಕ್ಯಾಮೆರಾ ತಂದಿರಲಿಲ್ಲ. ಬಾವ ಜೇಬಿನಿಂದ ಫೋನು ತೆಗೆಯುವಷ್ಟರಲ್ಲಿ ಹಿಂದಿನಿಂದ ಪಿಕಪ್ಪಿನ ಸದ್ದು ಬಂತು. ಕಾವಲುಗಾರ ನಮಗೆ ಫ್ಲಾಸ್ಕಿನಲ್ಲಿ ಚಹಾ ತರುತ್ತಿದ್ದ. ಹಕ್ಕಿ ಎದ್ದು ದ್ವೀಪಗಳ ಕಡೆ ಹೋಯಿತು.

ಬಾವ ಅವನಿಂದ ಚಹಾ ತೆಗೆದುಕೊಂಡರು. ಈ ಕಡೆ ಗಾಡಿ ತರಬೇಡ ಎಂದು ಹಿಂದಿಯಲ್ಲಿ ಹೇಳಿದರು. ಎಷ್ಟು ದಿನ ಎಂದು ಅವನು ಕೇಳಿದ. ಸೆಖೆ ಬರುವ ತನಕ ಎಂದರು. ಅವನು ಆಗಲಿ ಎಂದ. ನಡೆದೇ ಬಂದು ದೂರದಿಂದ ನೋಡಿ ಚಿತ್ರ ಕಳಿಸುತ್ತೇನೆ ಎಂದೂ ಹೇಳಿದ.

2017ರ ಜನವರಿಯಲ್ಲಿ ಅವನು ಬಾವನ ಫೋನಿಗೆ ಒಂದು ಚಿತ್ರ ಕಳಿಸಿದ. ಅದರಲ್ಲಿ ಕಾಂಕ್ರೀಟ್ ಬುಡ, ನಾಲ್ಕು ಮೋಟು, ನಡುವೆ ಅವತ್ತಿನ ಅದೇ ಒಂದು ಕಡ್ಡಿ ಇದೆ.